ಹಾಲು ಬಿಟ್ಟರೆ ಕಾಫಿಗೇನು? ಸಸ್ಯಾಧಾರಿತ ಊಟಕ್ಕೆ ಬದಲಾಗುವವರಿಗೆ ಹಂತ ಹಂತದ ಮಾರ್ಗದರ್ಶಿ

"ಪ್ರೋಟೀನ್ ಎಲ್ಲಿಂದ ಬರುತ್ತೆ?", "ಹಾಲಿಲ್ಲದಿದ್ರೆ ಮೂಳೆ ಸವೆಯಲ್ವಾ?", "ಬೆಳಿಗ್ಗೆ ಕಾಫಿಗೆ ಏನ್ಮಾಡೋದು?" ಸಸ್ಯಾಧಾರಿತ ಊಟದ ಮಾತು ಬಂದಾಗಲೆಲ್ಲ ಓದುಗರು ಕೇಳುವುದು ಈ ಮೂರೇ. ಮೂರನೆಯದನ್ನು ನಗುತ್ತಾ ಕೇಳುತ್ತಾರೆ. ಆದರೆ ಹೆಚ್ಚಿನವರು ವಾರದೊಳಗೆ ಸೋತು ವಾಪಸ್ ಬರುವುದು ಆ ಕಾಫಿಗಾಗಿಯೇ. ಯಾರೂ ಕೇಳದ ನಾಲ್ಕನೆಯದೊಂದಿದೆ: ಬಿ12 ಎಂಬ ಜೀವಸತ್ವ. ನಿಜವಾಗಿ ತೊಂದರೆ ಕೊಡುವುದು ಅದು. ಅದಕ್ಕೇ ಅದನ್ನು ಮುಂದೆ ತಂದು ಬರೆದಿದ್ದೇನೆ.

ಸಸ್ಯಾಧಾರಿತ ಊಟ ಅಂದರೆ ಮಾಂಸ, ಮೀನು, ಮೊಟ್ಟೆ ಇಲ್ಲದ್ದು ಮಾತ್ರವಲ್ಲ. ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್ ಕೂಡ ಇಲ್ಲದ್ದು. ಜೇನುತುಪ್ಪ, ಚರ್ಮ, ರೇಷ್ಮೆಯನ್ನೂ ಬಿಟ್ಟವರನ್ನು ವೀಗನ್ ಅನ್ನುತ್ತಾರೆ. ನೀವು ಅಷ್ಟು ದೂರ ಹೋಗಲೇಬೇಕು ಅಂತೇನಿಲ್ಲ. ಮುದ್ದೆ ಬಸ್ಸಾರು, ಜೋಳದ ರೊಟ್ಟಿ ಎಣ್ಣೆಗಾಯಿ, ನೀರುದೋಸೆ ಕಾಯಿಚಟ್ನಿ. ಇವುಗಳಲ್ಲಿ ಒಂದು ತೊಟ್ಟು ಹಾಲಿಲ್ಲ, ಅಲ್ವಾ? ನಮ್ಮ ಅಡುಗೆಮನೆ ಮುಕ್ಕಾಲು ದಾರಿ ಆಗಲೇ ನಡೆದುಬಿಟ್ಟಿದೆ. ಉಳಿದ ಕಾಲು ಭಾಗ ಹಾಲಿನದು, ಕಷ್ಟವೆಲ್ಲ ಇರುವುದೂ ಅಲ್ಲೇ.

ಪರಿಸರದ ಲೆಕ್ಕ ಚಿಕ್ಕದಾಗಿ ಹೇಳುತ್ತೇನೆ. ಪೂರ್ ಮತ್ತು ನೆಮೆಚೆಕ್ ಎಂಬ ಇಬ್ಬರು ಸಂಶೋಧಕರು 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇಡೀ ಜಗತ್ತಿನ ಆಹಾರದ ಲೆಕ್ಕ ಹಾಕಿದರು. ಮಾಂಸ, ಹಾಲು, ಮೊಟ್ಟೆ, ಸಾಕಿದ ಮೀನು ಎಲ್ಲ ಸೇರಿ ಕೃಷಿಭೂಮಿಯ ಶೇ. 83ರಷ್ಟನ್ನು ಬಳಸುತ್ತವೆ. ಅವುಗಳಿಂದ ನಮಗೆ ಸಿಗುವ ಶಕ್ತಿ ಶೇ. 18, ಪ್ರೋಟೀನ್ ಶೇ. 37. ಇದರ ಜೊತೆಗೆ ಹಸು, ಎಮ್ಮೆ, ಕುರಿಗಳ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಮೀಥೇನ್ ಹುಟ್ಟಿ ತೇಗಿನಲ್ಲಿ ಹೊರಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಹಾಗಂತ ಗಿಡದಿಂದ ಬಂದದ್ದೆಲ್ಲ ಸಾಚಾ ಅಲ್ಲ. ನೀರು ನಿಂತ ಭತ್ತದ ಗದ್ದೆಯೂ ಮೀಥೇನ್ ಬಿಡುತ್ತದೆ. ಮಳೆಯಲ್ಲೇ ಬೆಳೆಯುವ ರಾಗಿ, ಜೋಳ, ಸಜ್ಜೆಗೆ ಆ ತಾಪತ್ರಯ ಇಲ್ಲ. ಬೇಳೆಕಾಳಿನ ಗಿಡಗಳಂತೂ ಬೇರಿನ ಗಂಟುಗಳಲ್ಲೇ ಸಾರಜನಕ ಹಿಡಿದಿಟ್ಟುಕೊಳ್ಳುತ್ತವೆ, ಯೂರಿಯಾ ಕಡಿಮೆ ಸಾಕು.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಬಸುರಿಯರು, ಬಾಣಂತಿಯರು, ಚಿಕ್ಕ ಮಕ್ಕಳು, ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಊಟ ಬದಲಿಸಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ದಿಢೀರ್ ಹೆಚ್ಚಿಸಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ಇದ್ದರೂ ಮೊದಲೇ ತಿಳಿಸಿ. ಊಟ ಬದಲಾದರೆ ಔಷಧಿಯ ಪ್ರಮಾಣವೂ ಬದಲಾಗಬೇಕಾದೀತು.

1. ಮೊದಲ ವಾರ ಏನೂ ಬಿಡಬೇಡಿ, ಬರೆದಿಡಿ

ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಹಾಲು, ಮೊಸರು, ತುಪ್ಪ, ಮೊಟ್ಟೆ, ಮಾಂಸ ಎಲ್ಲೆಲ್ಲಿ ಹೊಟ್ಟೆ ಸೇರಿತು ಅಂತ ಗೀಟು ಹಾಕಿ. ಸಸ್ಯಾಹಾರಿ ಮನೆಗಳಲ್ಲಿ ಗೀಟುಗಳೆಲ್ಲ ಸಾಮಾನ್ಯವಾಗಿ ಎರಡು ಮೂರು ಕಡೆ ಗುಂಪಾಗಿ ಬೀಳುತ್ತವೆ: ಕಾಫಿ ಟೀ, ಊಟದ ಕೊನೆಯ ಮೊಸರನ್ನ, ಅನ್ನದ ಮೇಲಿನ ತುಪ್ಪ. ಇಡೀ ಊಟ ತಲೆಕೆಳಗು ಮಾಡಬೇಕಾಗಿಲ್ಲ, ಆ ಎರಡು ಮೂರು ಜಾಗ ತುಂಬಿಸಿದರೆ ಆಯಿತು.

ಮಾಂಸ ತಿನ್ನುವವರಾದರೆ ಮಸಾಲೆ ಬದಲಿಸಬೇಡಿ, ಒಳಗಿನ ತುಂಡು ಬದಲಿಸಿ. ಅದೇ ಖಾರ ಅರೆದು ಅಣಬೆ, ಸೋಯಾ ತುಂಡು, ಅಲಸಂದೆ ಕಾಳು ಹಾಕಿ. ಎಳೆ ಹಲಸಿನಕಾಯಿ, ಅಂದರೆ ಕರಾವಳಿಯವರ ಗುಜ್ಜೆ, ಅಗಿಯಲು ಮಾಂಸದ ಹಾಗೇ ಇರುತ್ತದೆ. ಆದರೆ ಅದರಲ್ಲಿ ಪ್ರೋಟೀನ್ ತೀರಾ ಕಡಿಮೆ. ಗುಜ್ಜೆ ಮಾಡಿದ ದಿನ ಜೊತೆಗೊಂದು ಕಾಳಿನ ಪದಾರ್ಥ ಇರಲಿ.

2. ಬಿ12 ಪರೀಕ್ಷೆ ಮಾಡಿಸಿ, ಆಮೇಲೆ ಮಾತ್ರೆ

ಈ ಹಂತ ಬಿಟ್ಟು ಮುಂದೆ ಹೋಗಬೇಡಿ. ಬಿ12 ನರಗಳಿಗೂ ರಕ್ತಕ್ಕೂ ಬೇಕಾದ ಜೀವಸತ್ವ. ಇದನ್ನು ಗಿಡವೂ ತಯಾರಿಸುವುದಿಲ್ಲ, ಪ್ರಾಣಿಯೂ ತಯಾರಿಸುವುದಿಲ್ಲ. ತಯಾರಿಸುವುದು ಬ್ಯಾಕ್ಟೀರಿಯಾ. ಹಾಲು, ಮೊಟ್ಟೆ, ಮಾಂಸದ ಮೂಲಕ ನಮಗೆ ಬರುತ್ತದೆ. ಸ್ಪಿರುಲಿನಾ ಎಂಬ ಪಾಚಿಯಲ್ಲಿ ಇದೆ, ತೊಳೆಯದ ತರಕಾರಿಯಲ್ಲಿ ಇದೆ ಅನ್ನುವ ಮಾತು ನಂಬಬೇಡಿ. ಸ್ಪಿರುಲಿನಾದಲ್ಲಿರುವುದು ಹೆಚ್ಚಾಗಿ ನಮ್ಮ ಮೈಗೆ ಉಪಯೋಗಕ್ಕೆ ಬಾರದ ನಕಲಿ ರೂಪ.

ಇದರ ಮೋಸ ಏನೆಂದರೆ, ಕೊರತೆ ತಕ್ಷಣ ಗೊತ್ತಾಗುವುದಿಲ್ಲ. ಯಕೃತ್ತಿನಲ್ಲಿ ದಾಸ್ತಾನು ಇರುವುದರಿಂದ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಆರಾಮಾಗಿಯೇ ಇರುತ್ತದೆ. "ನೋಡಿ, ನನಗೇನೂ ಆಗಿಲ್ಲ" ಅನ್ನುವವರು ಈ ಗಡುವಿನೊಳಗೆ ಇರುವವರು. ಆಮೇಲೆ ಸುಸ್ತು, ಕೈಕಾಲು ಜುಮ್ಮೆನ್ನುವುದು, ನಾಲಿಗೆ ಉರಿ, ಮರೆವು. ಸೊಪ್ಪು, ಕಾಳು ಜಾಸ್ತಿ ತಿನ್ನುವವರಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ಜೀವಸತ್ವ ಚೆನ್ನಾಗಿರುತ್ತದೆ. ಅದು ರಕ್ತಹೀನತೆಯ ಲಕ್ಷಣವನ್ನು ಮುಚ್ಚಿಡಬಹುದು, ಒಳಗೆ ನರಗಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ತಡವಾದರೆ ಆ ಪೆಟ್ಟು ಪೂರ್ತಿ ವಾಸಿಯಾಗದೆಯೂ ಉಳಿಯಬಹುದು.

ಆದ್ದರಿಂದ ಮಾತ್ರೆ ಶುರು ಮಾಡುವ ಮುನ್ನವೇ ರಕ್ತ ಕೊಡಿ. ಮಾತ್ರೆ ನುಂಗಿ ಪರೀಕ್ಷೆ ಮಾಡಿಸಿದರೆ ಅಂಕಿ ಸುಮ್ನೆ ಮೇಲೆ ಕಾಣುತ್ತದೆ. ಫಲಿತಾಂಶ ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ನೀವೇ ಮದ್ದು ಮಾಡಿಕೊಳ್ಳಬೇಡಿ, ವೈದ್ಯರನ್ನು ಕಾಣಿ, ಚುಚ್ಚುಮದ್ದು ಬೇಕಾಗಬಹುದು. ದಿನಾ ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೂ ಈ ಕೊರತೆ ನಮ್ಮಲ್ಲಿ ಸಾಮಾನ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ.

ಅಂಕಿ ಚೆನ್ನಾಗಿದ್ದರೆ, ಹಾಲು ಮೊಟ್ಟೆ ಪೂರ್ತಿ ಬಿಡುವವರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ. ಮೈಗೆ ಬೇಕಿರುವುದು ದಿನಕ್ಕೆ ಸುಮಾರು 2 ಮೈಕ್ರೋಗ್ರಾಂ ತಾನೇ, 2000 ಯಾಕೆ ಅಂತ ಕೇಳಬಹುದು. ಕರುಳು ಒಂದು ಸಲಕ್ಕೆ ಒಂದೂವರೆ ಎರಡು ಮೈಕ್ರೋಗ್ರಾಂನಷ್ಟನ್ನು ಮಾತ್ರ ಚೆನ್ನಾಗಿ ಹೀರುತ್ತದೆ. ಉಳಿದದ್ದರಲ್ಲಿ ಒಳಗೆ ಹೋಗುವುದು ಶೇ. 1ರಷ್ಟು. ಅದಕ್ಕೇ ಅಪರೂಪಕ್ಕೆ ನುಂಗುವವರಿಗೆ ದೊಡ್ಡ ಪ್ರಮಾಣ. ಔಷಧಿ ಅಂಗಡಿಯಲ್ಲಿ "ಬಿ12 ಒಂದೇ ಇರುವ ಮಾತ್ರೆ" ಅಂತ ಬಿಡಿಸಿ ಕೇಳಿ. ಕೆಲವು ಮಾತ್ರೆಗಳಲ್ಲಿ ನರನೋವಿನ ಔಷಧಿಯೂ ಸೇರಿರುತ್ತದೆ, ಅದು ನಿಮಗೆ ಬೇಡ.

3. ಅನ್ನ ಇಳಿಸಿ, ಕಾಳು ಏರಿಸಿ

ಪ್ರೋಟೀನ್ ಭಯ ಅರ್ಧ ಸುಳ್ಳು, ಅರ್ಧ ನಿಜ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಬೇಳೆಕಾಳು 100 ಗ್ರಾಂ, ಅಂದರೆ ಬೇಯಿಸುವ ಮುಂಚಿನ ತೂಕ, ಇದರಲ್ಲಿ 22 ಗ್ರಾಂ ಆಸುಪಾಸು ಸಿಗುತ್ತದೆ. ಕಡಲೇಕಾಯಿ ಬೀಜ ಒಂದು ಹಿಡಿ, 30 ಗ್ರಾಂ ಅಂದುಕೊಳ್ಳಿ, 7 ಗ್ರಾಂ. ರಾಗಿ, ಜೋಳ, ಅಕ್ಕಿ ಎಲ್ಲ ಸೇರಿ 300 ಗ್ರಾಂ ತಿಂದರೆ 24 ಗ್ರಾಂನಷ್ಟು. ಲೆಕ್ಕ ಸರಿಹೋಯಿತು. ಹೋಗದಿರುವುದು ಎಲ್ಲಿ? ತಟ್ಟೆ ತುಂಬ ಅನ್ನ, ಮೇಲೆ ತಿಳಿಸಾರು ಇರುವ ಊಟದಲ್ಲಿ. ಆ ಸಾರಿನಲ್ಲಿ ಒಬ್ಬರ ಪಾಲಿಗೆ ಬರುವ ಬೇಳೆ ಒಂದೆರಡು ಚಮಚ. ಅಲ್ಲಿಯವರೆಗೆ ಮೊಸರು ಆ ಕೊರತೆಯನ್ನು ಸ್ವಲ್ಪ ಮುಚ್ಚುತ್ತಿತ್ತು. ಅದನ್ನೂ ತೆಗೆದರೆ ಬರೀ ಅನ್ನ ಉಳಿಯಿತು.

ನಮ್ಮಲ್ಲಿ ಇದಕ್ಕೆ ಬಸ್ಸಾರಿಗಿಂತ ಒಳ್ಳೆಯ ಉಪಾಯ ನನಗಂತೂ ಕಂಡಿಲ್ಲ. ಹೆಸರುಕಾಳೋ ಅಲಸಂದೆಯೋ ಮುಕ್ಕಾಲು ಬೆಂದ ಮೇಲೆ ದಂಟಿನ ಸೊಪ್ಪೋ ಹರಿವೆಯೋ ಹಾಕಿ ಬೇಯಿಸಿ, ಕಟ್ಟು ಬಸಿದುಕೊಳ್ಳುತ್ತಾರೆ. ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದರೆ ಪಲ್ಯ. ಅದರಲ್ಲೇ ಒಂದು ಹಿಡಿ ತೆಗೆದು ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಯ ಜೊತೆ ಅರೆದು ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಬೇಯಿಸಿದ ನೀರನ್ನು ಚೆಲ್ಲುವ ಮಾತೇ ಇಲ್ಲ. ಸೊಪ್ಪು ಕಾಳಿನಿಂದ ನೀರಿಗೆ ಇಳಿದದ್ದೆಲ್ಲ ತಟ್ಟೆಗೇ ಬರುತ್ತದೆ. ಉತ್ತರ ಕರ್ನಾಟಕದವರಿಗೆ ಮಡಕಿಕಾಳು ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಆಗಲೇ ತಟ್ಟೆಯಲ್ಲಿವೆ. ಪ್ರಮಾಣ ಜಾಸ್ತಿ ಮಾಡಿಕೊಂಡರೆ ಸಾಕು.

ಕಾಳನ್ನು ಒಂದೇ ದಿನದಲ್ಲಿ ದುಪ್ಪಟ್ಟು ಮಾಡಬೇಡಿ. ಹೊಟ್ಟೆ ಉಬ್ಬರಿಸಿ, "ನನಗೆ ಇದು ಆಗಿಬರಲ್ಲ" ಅಂತ ಬಿಟ್ಟುಬಿಡುತ್ತೀರಿ. ವಾರಕ್ಕಿಷ್ಟು ಅಂತ ಏರಿಸಿ. ಹುರಳಿಯನ್ನು ರಾತ್ರಿಯಿಡೀ ನೆನೆಸಿ, ಸಾಧ್ಯವಾದರೆ ಮೊಳಕೆ ಬರಿಸಿ. ಕಾಳಿನಲ್ಲಿ ಫೈಟೇಟ್ ಎಂಬ ಅಂಶ ಇರುತ್ತದೆ. ಅದು ಕಬ್ಬಿಣ, ಸತುವನ್ನು ಕಟ್ಟಿಹಾಕಿ ಮೈಗೆ ಸಿಗದ ಹಾಗೆ ಮಾಡುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತದೆ. ಇಂಗು, ಶುಂಠಿ, ಓಂಕಾಳು ಕೈಗೆ ಸಿಗುವಲ್ಲಿರಲಿ.

4. ಹಾಲಿನ ಜಾಗ ತುಂಬಿಸಿ: ಮೊದಲು ಮೊಸರು, ಆಮೇಲೆ ತುಪ್ಪ, ಕೊನೆಗೆ ಕಾಫಿ

ಕಾಫಿಯಿಂದ ಶುರು ಮಾಡಿದವರು ಸೋಲುತ್ತಾರೆ. ಅದನ್ನು ಕೊನೆಗಿಡಿ.

ಮೊಸರಿಗೆ ಕಡಲೇಕಾಯಿ ಸಾಕು. ಚಳ್ಳಕೆರೆ, ಪಾವಗಡದ ಕಡೆ ಬೆಳೆಯುವ ಬೀಜ ಇರುವಾಗ ದೂರದ ಬಾದಾಮಿ ಯಾಕೆ? ಒಂದು ಲೋಟ ಹಸಿ ಬೀಜ ರಾತ್ರಿ ನೆನೆಸಿ. ಮುರುಟಿದ್ದು, ಬಣ್ಣ ಕೆಟ್ಟದ್ದು, ಬೂಷ್ಟು ಹಿಡಿದದ್ದು ಒಂದೂ ಬೇಡ, ಅದರಲ್ಲಿ ಯಕೃತ್ತಿಗೆ ಕೆಟ್ಟದಾದ ಶಿಲೀಂಧ್ರದ ವಿಷ ಇರಬಹುದು. ಬೆಳಿಗ್ಗೆ ಸಿಪ್ಪೆ ಉಜ್ಜಿ ತೆಗೆದು, ಮೂರು ಲೋಟ ನೀರು ಹಾಕುತ್ತಾ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಿ. ಈ ಹಾಲನ್ನು ತಳ ಹಿಡಿಯದಂತೆ ಕೈಯಾಡಿಸುತ್ತಾ ಕುದಿಸಿ. ಹಸಿ ವಾಸನೆ ಹೋಗುವವರೆಗೂ ಕುದಿಯಲಿ, ಇಲ್ಲದಿದ್ದರೆ ಮೊಸರಿಗೂ ಅದೇ ವಾಸನೆ ಅಂಟುತ್ತದೆ. ಬೆರಳು ಇಟ್ಟರೆ ತಡೆಯುವಷ್ಟು ಬೆಚ್ಚಗಾದಾಗ ತೊಟ್ಟು ಸಮೇತ ನಾಲ್ಕೈದು ಹಸಿಮೆಣಸಿನಕಾಯಿ ಮುಳುಗಿಸಿ ಮುಚ್ಚಿಡಿ. ಆ ತೊಟ್ಟಿನಲ್ಲಿರುವ ಬ್ಯಾಕ್ಟೀರಿಯಾವೇ ಹೆಪ್ಪು. ಹತ್ತು ಹನ್ನೆರಡು ಗಂಟೆಗೆ ಹುಳಿ ಬಂದಿರುತ್ತದೆ.

ಮೊದಲ ಸಲದ್ದು ಸರಿಯಾಗಿ ಗಟ್ಟಿಯಾಗುವುದಿಲ್ಲ, ಕೆಳಗೆ ನೀರು ಬಿಟ್ಟಿರುತ್ತದೆ. ಎಸೆಯಬೇಡಿ, ಕಡೆದು ಮಜ್ಜಿಗೆಹುಳಿಗೋ ತಂಬುಳಿಗೋ ಹಾಕಿ. ಅದರಲ್ಲೇ ಒಂದು ಚಮಚ ತೆಗೆದಿಟ್ಟು ಎರಡನೇ ಸಲ ಹೆಪ್ಪು ಹಾಕಿದರೆ ನಿಜವಾದ ಮೊಸರು ಸಿಗುತ್ತದೆ. ಎರಡು ಮೂರು ದಿನಕ್ಕಿಂತ ಜಾಸ್ತಿ ಇಡಬೇಡಿ. ರುಚಿ ಹಸುವಿನ ಮೊಸರಿನದ್ದೇ ಅಂತ ನಾನು ಸುಳ್ಳು ಹೇಳುವುದಿಲ್ಲ. ಬರೀ ಮೊಸರನ್ನಕ್ಕೆ ಸಾಸಿವೆ, ಶುಂಠಿ, ಕರಿಬೇವಿನ ಒಗ್ಗರಣೆ ಧಾರಾಳವಾಗಿ ಬೇಕು. ಮನೆಯಲ್ಲಿ ಯಾರಿಗಾದರೂ ಕಡಲೇಕಾಯಿ ಅಲರ್ಜಿ ಇದ್ದರೆ ಸೋಯಾ ಹಾಲಿನಲ್ಲಿ ಇದೇ ಕ್ರಮ.

ತುಪ್ಪ ಸುಲಭ. ಒಗ್ಗರಣೆಗೆ ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಕಡಲೇಕಾಯಿ ಎಣ್ಣೆ ಇದೆ. ತುಪ್ಪದ ಬದಲು ವನಸ್ಪತಿಗೆ ಮಾತ್ರ ಹೋಗಬೇಡಿ. ಅದು ಗಿಡಮೂಲದ್ದೇ, ಆದರೆ ಹೃದಯಕ್ಕೂ ಒಳ್ಳೆಯದಲ್ಲ, ಅದಕ್ಕೆ ಬಳಸುವ ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದ ಕಾಡುಗಳಿಗೂ ಒಳ್ಳೆಯದು ಮಾಡಿಲ್ಲ. ಸಿಹಿಗಂತೂ ಹಾಲು ಬೇಕೇ ಬೇಕು ಅನ್ನುವುದು ಅಭ್ಯಾಸ ಅಷ್ಟೇ. ಹೆಸರುಬೇಳೆ ಪಾಯಸ, ಗಸಗಸೆ ಪಾಯಸ, ಹಾಲುಬಾಯಿ ಎಲ್ಲ ಕಾಯಿಹಾಲಿನವು. ಹೋಳಿಗೆಗೂ ಕಾಯಿಹಾಲು ಹಾಕಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ಕಾಫಿ. ಮೊದಲ ಸಲ ನಾನು ಕುದಿಯುವ ಡಿಕಾಕ್ಷನ್‌ಗೆ ಫ್ರಿಜ್ಜಿನ ಸೋಯಾ ಹಾಲು ಸುರಿದೆ. ಒಡೆದು, ಲೋಟದ ತಳದಲ್ಲಿ ಹರಳು ಹರಳಾಗಿ ಕೂತಿತು. ಡಿಕಾಕ್ಷನ್ನಿನ ಹುಳಿ ಮತ್ತು ಬಿಸಿ ಎರಡೂ ಸೇರಿದರೆ ಸೋಯಾ ಪ್ರೋಟೀನ್ ಗಟ್ಟಿಯಾಗುತ್ತದೆ. ಹಾಗಾಗಿ ಕ್ರಮ ತಿರುಗಿಸಿ. ಸೋಯಾ ಹಾಲನ್ನು ಕುದಿಸದೆ ಬಿಸಿ ಮಾಡಿ ಮೊದಲು ಲೋಟಕ್ಕೆ ಹಾಕಿ, ಸ್ವಲ್ಪ ಆರಿದ ಡಿಕಾಕ್ಷನ್ನನ್ನು ಆಮೇಲೆ ನಿಧಾನಕ್ಕೆ ಬಿಡಿ. ಓಟ್ಸ್ ಹಾಲು ಒಡೆಯುವುದು ಕಡಿಮೆ. ಮನೆಯಲ್ಲೇ ಮಾಡಿದ ಓಟ್ಸ್ ಹಾಲು ಮಾತ್ರ ಬಿಸಿಯಾದರೆ ಲೋಳೆ ಲೋಳೆ, ಗಂಜಿಯೇ ಆಗಿಬಿಡುತ್ತದೆ. ಬೆಲ್ಲ ಹಾಕಿದ ಕಾಫಿಗೆ ತೆಳು ಕಾಯಿಹಾಲು ಹೊಂದುತ್ತದೆ. ಏನು ಮಾಡಿದರೂ ಆಗಲಿಲ್ಲವೆಂದರೆ ಬೆಳಗಿನ ಒಂದು ಲೋಟ ಹಾಲಿನ ಕಾಫಿ ಉಳಿಸಿಕೊಂಡು ಉಳಿದದ್ದೆಲ್ಲ ಬದಲಿಸಿ. ಒಂದು ಲೋಟಕ್ಕಾಗಿ ಇಡೀ ಪ್ರಯತ್ನವನ್ನೇ ಕೈಬಿಡುವುದು ದಡ್ಡತನ.

5. ಕ್ಯಾಲ್ಸಿಯಂ, ಕಬ್ಬಿಣ ಮತ್ತು ಮರೆತುಹೋಗುವ ಎರಡು ಮೂರು

ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಒಂದು ಲೋಟ, 200 ಮಿಲಿ ಹಾಲಿನಲ್ಲಿ ಇರುವುದು ಸುಮಾರು 240. ಆದರೆ ರಾಗಿಯಲ್ಲೂ ಫೈಟೇಟ್ ಇದೆ, ಅಷ್ಟೂ ಮೈಗೆ ಸೇರುವುದಿಲ್ಲ. ದಿನಕ್ಕೆ ಬೇಕಾದ್ದು 1000 ಮಿಲಿಗ್ರಾಂ. ಮೊಳಕೆ ರಾಗಿ ಹಿಟ್ಟು, ಹುಳಿ ಬರಿಸಿದ ಅಂಬಲಿ ಒಳ್ಳೆಯದು. ಜೊತೆಗೆ ನುಗ್ಗೆಸೊಪ್ಪು, ಸಿಪ್ಪೆ ತೆಗೆಯದ ಎಳ್ಳಿನ ಚಟ್ನಿಪುಡಿ, ತೋಫು ಅಂದರೆ ಸೋಯಾ ಪನೀರ್. ಪಾಲಕ್ ಮೇಲೆ ಭರವಸೆ ಇಡಬೇಡಿ. ಅದರ ಕ್ಯಾಲ್ಸಿಯಂ ಆಕ್ಸಲೇಟ್ ಎಂಬುದಕ್ಕೆ ಅಂಟಿಕೊಂಡಿರುತ್ತದೆ, ಮೈಗೆ ಸಿಗುವುದು ಅಲ್ಪ. ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ತಂದರೆ ಪ್ಯಾಕೆಟ್ ಚೆನ್ನಾಗಿ ಕುಲುಕಿ, ಅದು ತಳದಲ್ಲಿ ಕೂತಿರುತ್ತದೆ.

ಕಬ್ಬಿಣಕ್ಕೆ ಒಂದೇ ನಿಯಮ. ಊಟದ ಜೊತೆ ನಿಂಬೆ ಅಥವಾ ನೆಲ್ಲಿಕಾಯಿ, ಕಾಫಿ ಟೀ ಒಂದು ಗಂಟೆ ದೂರ. ಉಸ್ಲಿಗೆ, ಕೋಸಂಬರಿಗೆ ನಿಂಬೆ ಹಿಂಡುವುದು ರುಚಿಗಷ್ಟೇ ಅಲ್ಲ, ಅದರ ಸಿ ಜೀವಸತ್ವ ಗಿಡದ ಕಬ್ಬಿಣ ಹೀರಲು ನೆರವಾಗುತ್ತದೆ. ಊಟ ಆದ ಕೂಡಲೇ ಕಾಫಿ ಕುಡಿದರೆ ಆ ಲಾಭ ಹೋಯಿತು.

ಒಮೆಗಾ 3 ಎಂಬ ಕೊಬ್ಬಿಗೆ ದಿನಾ ಒಂದು ಚಮಚ ಅಗಸೆಬೀಜದ ಚಟ್ನಿಪುಡಿ. ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಲೇಬೇಕು. ಅಯೋಡಿನ್‌ಗೆ ಅಯೋಡಿನ್ ಸೇರಿಸಿದ ಮಾಮೂಲಿ ಉಪ್ಪೇ ಸಾಕು. ಸೈಂಧವ ಉಪ್ಪಿಗೆ ಬದಲಾಗಿದ್ದರೆ, ಅದರಲ್ಲಿ ಅಯೋಡಿನ್ ಸೇರಿಸಿದ್ದಾರಾ ನೋಡಿ. ಥೈರಾಯ್ಡ್ ಮಾತ್ರೆ ಮತ್ತು ಸೋಯಾ ನಡುವೆ ಕೆಲವು ಗಂಟೆ ಅಂತರವಿರಲಿ. ಡಿ ಜೀವಸತ್ವದ ಡಿ3 ಮಾತ್ರೆ ಬೇಕಾದವರು ಗಮನಿಸಿ, ಅದು ಹೆಚ್ಚಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಕಲ್ಲುಹೂವಿನ ಜಾತಿಯಿಂದ ತೆಗೆದದ್ದೂ ಸಿಗುತ್ತದೆ.

6. ಪ್ಯಾಕೆಟ್ ತಿರುಗಿಸಿ ಓದಿ

ಹಸಿರು ಚುಕ್ಕೆ ಅಂದರೆ ಹಾಲಿಲ್ಲ ಅಂತ ಅರ್ಥವಲ್ಲ. ನಮ್ಮ ಕಾನೂನಿನಲ್ಲಿ ಹಾಲು, ಜೇನು ಎರಡೂ ಹಸಿರು ಚುಕ್ಕೆಯೊಳಗೇ ಬರುತ್ತವೆ. ವೀಗನ್ ಪದಾರ್ಥಗಳಿಗೆ 2022ರ ನಿಯಮದಂತೆ ಬೇರೆಯದೇ ಗುರುತಿದೆ, ಹಸಿರು ಬಣ್ಣದ ಇಂಗ್ಲಿಷ್ ವಿ ಅಕ್ಷರ, ಅದಕ್ಕೊಂದು ಪುಟ್ಟ ಎಲೆ. ಆ ಗುರುತು ಇಲ್ಲದಿದ್ದರೆ ಪಟ್ಟಿಯ ಕೆಳಗಿನ ಅಲರ್ಜಿ ಸೂಚನೆ ಓದಿ. ಹಾಲು ಇದ್ದರೆ ಅಲ್ಲಿ ಬರೆದಿರಲೇಬೇಕು. ಮಿಲ್ಕ್ ಸಾಲಿಡ್ಸ್, ವೇ, ಕೇಸಿನ್ ಇವೆಲ್ಲ ಹಾಲಿನ ಬೇರೆ ಬೇರೆ ಹೆಸರು. ಬಿಸ್ಕತ್ತು, ಬ್ರೆಡ್ಡು, ಸೂಪ್ ಪುಡಿಯಲ್ಲಿ ಅವಿತಿರುತ್ತವೆ. ಅಂಗಡಿಯಲ್ಲಿ "ಸೋಯಾ ಹಾಲು" ಅಂತ ಹುಡುಕಿದರೆ ಸಿಗದೇ ಇರಬಹುದು, ಗಿಡಮೂಲದ ಪಾನೀಯಕ್ಕೆ ಹಾಲು ಅನ್ನುವ ಹೆಸರು ಹಾಕುವಂತಿಲ್ಲ. ಪಾನೀಯ, ಡ್ರಿಂಕ್, ಬೆವರೇಜ್ ಅಂತ ಇರುತ್ತದೆ. ಸಕ್ಕರೆ ಹಾಕದ್ದನ್ನೇ ಆರಿಸಿ.

ವೀಗನ್ ಅಂತ ಬರೆದಿದ್ದ ಮಾತ್ರಕ್ಕೆ ಆರೋಗ್ಯದ್ದು ಅಂತಲೂ ಅಲ್ಲ. ಮೈದಾ, ಸಕ್ಕರೆ, ಕರಿದ ಆಲೂಗಡ್ಡೆ ಎಲ್ಲವೂ ಗಿಡದಿಂದಲೇ ಬಂದವು.

7. ಹೋಟೆಲು, ಮದುವೆಮನೆ

ಹೋಟೆಲಿನಲ್ಲಿ "ವೀಗನ್ ಇದೆಯಾ" ಅಂದರೆ ಸುಮ್ನೆ ಗೊಂದಲ. "ತುಪ್ಪ, ಬೆಣ್ಣೆ ಬೇಡ, ಎಣ್ಣೆಯಲ್ಲೇ ಹಾಕಿ" ಅನ್ನಿ, ಅರ್ಥವಾಗುತ್ತದೆ. ಇಡ್ಲಿ ಸಾಂಬಾರ್, ಎಣ್ಣೆಯ ದೋಸೆ, ಪೂರಿ ಸಾಗು ಹೆಚ್ಚಾಗಿ ತೊಂದರೆಯಿಲ್ಲ. ಉಪ್ಪಿಟ್ಟು, ಪೊಂಗಲ್, ಬಿಸಿಬೇಳೆಬಾತ್‌ಗೆ ಮೊದಲೇ ತುಪ್ಪ ಬಿದ್ದಿರುತ್ತದೆ, ಕೇಳಿ ತಗೊಳ್ಳಿ. ಮದುವೆಮನೆಯಲ್ಲಿ ಎಲೆ ಮುಂದೆ ಕೂತು ಭಾಷಣ ಬೇಡ. ಬಡಿಸುವವರು ತುಪ್ಪದ ಮಿಳ್ಳೆ ಹಿಡಿದು ಬರುವಾಗ ಅನ್ನದ ಮೇಲೆ ಕೈ ಅಡ್ಡ ಹಿಡಿದರೆ ಆಯಿತು. ಮನೆಯಲ್ಲಿ ಹಿರಿಯರಿದ್ದರೆ ಅವರ ಮೊಸರಿನ ಪಾತ್ರೆಗೆ ಕೈ ಹಾಕಬೇಡಿ, ನಿಮ್ಮದು ಪಕ್ಕದಲ್ಲಿ ಇರಲಿ.

8. ಆರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ

ಬಿ12, ಹಿಮೋಗ್ಲೋಬಿನ್, ಫೆರಿಟಿನ್ ಅಂದರೆ ಮೈಯಲ್ಲಿರುವ ಕಬ್ಬಿಣದ ದಾಸ್ತಾನು, ಡಿ ಜೀವಸತ್ವ. ಈ ನಾಲ್ಕು ಸಾಕು, ದುಬಾರಿ ಪ್ಯಾಕೇಜ್ ಬೇಡ. ವಾರದ ಬಿ12 ಮಾತ್ರೆಗೆ ಒಂದು ದಿನ ಗೊತ್ತು ಮಾಡಿಕೊಳ್ಳಿ, ಉದಾಹರಣೆಗೆ ಪ್ರತಿ ಸೋಮವಾರ, ಇಲ್ಲದಿದ್ದರೆ ಮರೆತೇ ಹೋಗುತ್ತದೆ. ಹೊಸ ಫಲಿತಾಂಶದ ಚೀಟಿಯನ್ನು ಮೊದಲ ಸಲದ್ದರ ಜೊತೆಗೇ ಪಿನ್ ಮಾಡಿ ಇಟ್ಟುಕೊಳ್ಳಿ. ವೈದ್ಯರ ಹತ್ತಿರ ಹೋಗುವಾಗ ಎರಡೂ ಬೇಕಾಗುತ್ತವೆ.